ಗಾನವೃಂದದ ಗಿಟಾರಿಗೆ ಯಾವ ತಂತಿ?

ನವೆಂಬರ್ 22 ಸಂಗೀತಗಾರರ ಪಾಲಕ ಸಂತೆಯಾದ ಸಂತ ಸಿಸಿಲಿಯಳ ಹಬ್ಬ. ಆ ಹಬ್ಬ ಕಳೆಯಿತೆಂದರೆ ನಮ್ಮ ಗಾನವೃಂದಗಳಲ್ಲಿ ಕ್ರಿಸ್ತಜಯಂತಿಯ ಅಭ್ಯಾಸ ಶುರುವಾಗುತ್ತದೆ. ಅಟ್ಟದ ಮೇಲಿದ್ದ, ಬೀರುವಿನ ಹಿಂದೆ ಒರಗಿದ್ದ ಗಿಟಾರುಗಳು ಕೆಳಗಿಳಿಯುತ್ತವೆ. ಧೂಳು ಒರೆಸಿ ನೋಡಿದರೆ ಒಂದು ತಂತಿ ಇಲ್ಲವೇ ಇಲ್ಲ, ಎರಡು ತುಕ್ಕು ಹಿಡಿದಿವೆ, ಉಳಿದವು ಶ್ರುತಿಗೆ ಬರುವುದಿಲ್ಲ. ಆಗ ತಂದೆತಾಯಂದಿರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಯಾವ ತಂತಿ ತರಬೇಕು?"

ನಮ್ಮ ಕಡೆ ಇದು ಸಣ್ಣ ಪ್ರಶ್ನೆಯಲ್ಲ. ಹೊನ್ನಾಳಿ, ನ್ಯಾಮತಿಯವರು ತಂತಿ ತರಲು ಶಿವಮೊಗ್ಗದ ಬಸ್ಸು ಹತ್ತಬೇಕು. ಚನ್ನಗಿರಿಯವರು ಶಿವಮೊಗ್ಗಕ್ಕೋ ದಾವಣಗೆರೆಗೋ ಹೋಗಬೇಕು. ಜಗಳೂರಿನವರಿಗೆ ದಾವಣಗೆರೆ ಅಥವಾ ಚಿತ್ರದುರ್ಗ. ಒಂದು ದಿನದ ಕೆಲಸ ಬಿಟ್ಟು ಹೋಗಿ, ತಪ್ಪು ತಂತಿ ತಂದರೆ ಮತ್ತೆ ಹೋಗಲು ಹಬ್ಬದ ಮೊದಲು ಬಿಡುವು ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ತಪ್ಪು ತಂತಿಯಿಂದ ಗಿಟಾರ್ ಒಡೆಯಬಹುದು. ಇಲ್ಲವೇ ಮಗುವಿನ ಬೆರಳು ನೊಂದು, ಮಗು ಗಿಟಾರನ್ನೇ ಬಿಡಬಹುದು. ಈ ಎರಡನ್ನೂ ನಾವು ಕಣ್ಣಾರೆ ಕಂಡಿದ್ದೇವೆ.

ಮೊದಲನೆಯದನ್ನು ಹೇಳಿಬಿಡುತ್ತೇವೆ, ಏಕೆಂದರೆ ಅದರಲ್ಲಿ ತಪ್ಪು ನಮ್ಮದೇ. ಕೆಲವು ವರ್ಷಗಳ ಹಿಂದೆ ನಮ್ಮ ವೃಂದದ ಒಂಬತ್ತನೆಯ ತರಗತಿಯ ಹುಡುಗನಿಗೆ ಬೆಂಗಳೂರಿನ ಸೋದರಮಾವ ತಮ್ಮ ಹಳೆಯ ಗಿಟಾರ್ ಕೊಟ್ಟಿದ್ದರು. ಬಹಳ ಒಳ್ಳೆಯ ನಾದ. ಡಿಸೆಂಬರಿನಲ್ಲಿ ಅದರ ನಾಲ್ಕನೆಯ ತಂತಿ ಕಡಿಯಿತು. ಬೆಳ್ಳಿ ಬಣ್ಣದ ತಂತಿ. ಕಡಿದ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ನಾವೇ ಪೇಟೆಗೆ ಹೋಗಿ, "ಗಿಟಾರ್ ತಂತಿ ಒಂದು ಸೆಟ್ ಕೊಡಿ" ಎಂದು ಕೇಳಿ ತಂದೆವು. ಅಂಗಡಿಯವರು ಕೇಳಿದ್ದನ್ನು ಕೊಟ್ಟರು. ಆರೂ ತಂತಿ ಹೊಸದಾಗಿ ಹಾಕಿ, ಶ್ರುತಿ ಮಾಡಿ, ಹುಡುಗನ ಮನೆಗೆ ಕಳಿಸಿದೆವು. ಮೂರನೆಯ ರಾತ್ರಿ, ಎಲ್ಲರೂ ಊಟಕ್ಕೆ ಕುಳಿತಿದ್ದಾಗ, ಒಳಕೋಣೆಯಲ್ಲಿ ಢಂ ಎಂದು ಸದ್ದಾಯಿತು. "ಅದ್ಯಾರೋ ಒಳಗೇ ಪಟಾಕಿ ಹಚ್ಚಿದ್ರು" ಎಂದರಂತೆ ಅಜ್ಜಿ. ಹೋಗಿ ನೋಡಿದರೆ ತಂತಿಗಳನ್ನು ಕಟ್ಟಿದ್ದ ಮರದ ಪಟ್ಟಿ, ಅಂದರೆ ಬ್ರಿಡ್ಜ್, ಹಲಗೆಯ ಸಿಪ್ಪೆಯನ್ನೂ ಕಿತ್ತುಕೊಂಡು ಎದ್ದುಬಂದಿತ್ತು. ಆ ವರ್ಷ ಕ್ರಿಸ್ತಜಯಂತಿಯ ರಾತ್ರಿ ಬಲಿಪೂಜೆಯಲ್ಲಿ ಹುಡುಗ ಕೈಕಟ್ಟಿಕೊಂಡು ಹಾಡಿದ.

ಆಗಿದ್ದೇನೆಂದರೆ, ಅದು ನೈಲಾನ್ ತಂತಿಯ ಗಿಟಾರ್. ನಾವು ಹಾಕಿದ್ದು ಉಕ್ಕಿನ ತಂತಿ.

ನೈಲಾನ್ ಗಿಟಾರಿನ ಮೊದಲ ಮೂರು ತಂತಿಗಳು ಗಾಳದ ದಾರದಂತೆ ಪಾರದರ್ಶಕವಾಗಿರುತ್ತವೆ; ತುಂಗಭದ್ರೆಯಲ್ಲಿ ಮೀನು ಹಿಡಿಯುವವರ ಕೈಯಲ್ಲಿ ನೋಡುವ ನೈಲಾನ್ ದಾರವೇ ಜಾತಿಯಲ್ಲಿ ಇದು. ಆದರೆ ದಪ್ಪನೆಯ ಮೂರು ತಂತಿಗಳು ನೋಡಲು ಲೋಹದವು. ಒಳಗೆ ನೈಲಾನಿನ ಸಣ್ಣ ಎಳೆಗಳು, ಮೇಲೆ ಬೆಳ್ಳಿಯ ಲೇಪವಿರುವ ತಾಮ್ರದ ಸುತ್ತು. ನಾಲ್ಕನೆಯ ತಂತಿ ಎಲ್ಲಕ್ಕಿಂತ ಮೊದಲು ಕಡಿಯುವುದು ಈ ಗಿಟಾರುಗಳಲ್ಲಿ ಸಾಮಾನ್ಯ. ಅದನ್ನು ನೋಡಿ ನಾವು ಮೋಸ ಹೋದೆವು. ಹಾಗಾಗಿ ತಂತಿಯ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಗಿಟಾರನ್ನೇ ನೋಡಿ.

ನೈಲಾನ್ ಗಿಟಾರಿನ ಕುತ್ತಿಗೆ ಅಗಲ, ಮೇಲ್ತುದಿಯಲ್ಲಿ ಸುಮಾರು 52 ಮಿಲಿಮೀಟರ್. ಉಕ್ಕಿನ ತಂತಿಯದರಲ್ಲಿ ಸುಮಾರು 43. ನೈಲಾನ್ ಗಿಟಾರಿನ ತಲೆಯಲ್ಲಿ ಎರಡು ಉದ್ದನೆಯ ಕಿಂಡಿಗಳಿದ್ದು, ಬಿರಡೆಗಳ ದಪ್ಪ ಬಿಳಿ ಉರುಳೆಗಳು ಆ ಕಿಂಡಿಯೊಳಗೆ ಅಡ್ಡಲಾಗಿ ಕೂತಿರುತ್ತವೆ. ಕೆಳಗೆ ಬ್ರಿಡ್ಜಿನಲ್ಲಿ ತಂತಿಯನ್ನು ಗಂಟು ಹಾಕಿ ಕಟ್ಟಿರುತ್ತಾರೆ. ಉಕ್ಕಿನ ತಂತಿಯ ಗಿಟಾರಿನಲ್ಲಿ ಹೆಚ್ಚಾಗಿ ಆರು ಗೂಟಗಳು ಬ್ರಿಡ್ಜಿನೊಳಗೆ ಚುಚ್ಚಿರುತ್ತವೆ, ತಂತಿಯ ತುದಿಯಲ್ಲಿ ಹಿತ್ತಾಳೆಯ ಸಣ್ಣ ಗುಂಡು ಇರುತ್ತದೆ. ಕೆಲವು ಉಕ್ಕಿನ ಗಿಟಾರುಗಳಲ್ಲಿ ಗೂಟ ಇರುವುದಿಲ್ಲ. ಆದ್ದರಿಂದ ಒಂದೇ ಗುರುತನ್ನು ನಂಬದೆ ಎಲ್ಲವನ್ನೂ ಸೇರಿಸಿ ನೋಡಬೇಕು. ಅನುಮಾನವಿದ್ದರೆ ಗಿಟಾರನ್ನೇ ಅಂಗಡಿಗೆ ಕೊಂಡೊಯ್ಯಿರಿ. ಬಸ್ಸಿನಲ್ಲಿ ತುಸು ಕಷ್ಟ, ಆದರೂ ಕೊಂಡೊಯ್ಯಿರಿ.

ಏಕೆ ಇಷ್ಟು ಹೇಳುತ್ತೇವೆಂದರೆ ಎಳೆತದ ಲೆಕ್ಕ ಹಾಗಿದೆ. ಆರು ನೈಲಾನ್ ತಂತಿಗಳು ಸರಿಯಾದ ಶ್ರುತಿಯಲ್ಲಿ ಬ್ರಿಡ್ಜನ್ನು ಒಟ್ಟು ಸುಮಾರು 40 ಕಿಲೋ ಭಾರದಷ್ಟು ಎಳೆಯುತ್ತವೆ. ಸಾಧಾರಣ ಉಕ್ಕಿನ ಸೆಟ್ 70 ಕಿಲೋಗೂ ಮೇಲೆ ಎಳೆಯುತ್ತದೆ. ಒಂದು ಸಿಮೆಂಟ್ ಚೀಲ 50 ಕಿಲೋ. ತೆಳು ಹಲಗೆಗೆ ಅಂಟಿಸಿದ ಒಂದು ಮರದ ಪಟ್ಟಿಯ ಮೇಲೆ ಹಗಲೂ ರಾತ್ರಿಯೂ ಒಂದೂವರೆ ಚೀಲ ಸಿಮೆಂಟು ತೂಗುಹಾಕಿದಂತೆ. ಉಕ್ಕಿನ ಗಿಟಾರಿನ ಹಲಗೆಯ ಕೆಳಗೆ ಅದಕ್ಕೆಂದೇ ಬಲವಾದ ಪಟ್ಟಿಗಳಿರುತ್ತವೆ, ಕುತ್ತಿಗೆಯೊಳಗೆ ಸಾಮಾನ್ಯವಾಗಿ ಕಬ್ಬಿಣದ ಸರಳು ಇರುತ್ತದೆ. ನೈಲಾನ್ ಗಿಟಾರನ್ನು ಹಗುರವಾಗಿ ಕಟ್ಟಿರುತ್ತಾರೆ; ಅದರ ಮೆದು ನಾದಕ್ಕೆ ಆ ಹಗುರತನವೇ ಕಾರಣ.

ಹಬ್ಬದ ಸಂಚಿಕೆಯಾದ್ದರಿಂದ ಇಲ್ಲಿ ಒಂದು ಮಾತು. ನಾವು ಪ್ರತಿವರ್ಷ ಹಾಡುವ 'ಸೈಲೆಂಟ್ ನೈಟ್' ಗೀತೆ ಮೊದಲು ಕೇಳಿಸಿದ್ದು 1818ರ ಡಿಸೆಂಬರ್ 24ರ ರಾತ್ರಿ, ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನ ಸಂತ ನಿಕೋಲಾಸರ ದೇವಾಲಯದಲ್ಲಿ. ಪದ್ಯ ಬರೆದವರು ಅಲ್ಲಿನ ಸಹಾಯಕ ಗುರು ಜೋಸೆಫ್ ಮೋರ್, ರಾಗ ಹಾಕಿದವರು ಶಾಲಾ ಶಿಕ್ಷಕ ಫ್ರಾಂಝ್ ಗ್ರೂಬರ್. ಜೊತೆಗಿದ್ದ ವಾದ್ಯ ಗಿಟಾರ್. ಮೋರ್ ಗುರುಗಳ ಆ ಗಿಟಾರ್ ಈಗಲೂ ಹಾಲ್ಲೈನ್ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಇಲಿ ಆರ್ಗನ್ ಕಡಿದು ಹಾಳುಮಾಡಿದ್ದರಿಂದ ಗಿಟಾರ್ ಬಳಸಿದರು ಎಂಬ ಕಥೆ ನಮ್ಮ ಜ್ಞಾನೋಪದೇಶ ತರಗತಿಗಳಲ್ಲೂ ಓಡಾಡುತ್ತಿದೆ. ಕಥೆ ಸೊಗಸಾಗಿದೆ, ಆಧಾರವಿಲ್ಲ. ಆ ಕಾಲದ ಗಿಟಾರಿಗೆ ನೈಲಾನೂ ಇರಲಿಲ್ಲ, ಉಕ್ಕೂ ಇರಲಿಲ್ಲ. ಕುರಿಯ ಕರುಳನ್ನು ಹೊಸೆದು ಒಣಗಿಸಿದ ತಂತಿಗಳು, ಮಂದ್ರಕ್ಕೆ ರೇಷ್ಮೆ ಎಳೆಯ ಮೇಲೆ ಲೋಹ ಸುತ್ತಿದವು. ಕರುಳಿನ ಜಾಗಕ್ಕೆ ನೈಲಾನ್ ಬಂದದ್ದು 1940ರ ದಶಕದಲ್ಲಿ. ಮಹಾಯುದ್ಧದಿಂದಾಗಿ ಒಳ್ಳೆಯ ಕರುಳಿನ ತಂತಿ ಸಿಗದೆ ಹೋದಾಗ ನ್ಯೂಯಾರ್ಕಿನ ಆಲ್ಬರ್ಟ್ ಅಗಸ್ಟಿನ್ ಅದನ್ನು ಮಾಡಿದರು, ಸ್ಪೇನಿನ ಪ್ರಸಿದ್ಧ ವಾದಕ ಆಂದ್ರೆಸ್ ಸೆಗೋವಿಯ ಬಳಸಿ ಪ್ರಚಾರಕ್ಕೆ ತಂದರು. ಮನೆಯಲ್ಲಿ ನೈಲಾನ್ ಗಿಟಾರ್ ಇದ್ದರೆ ನೀವು ಅದೇ ವಂಶದ ವಾದ್ಯವನ್ನು ಇಟ್ಟುಕೊಂಡಿದ್ದೀರಿ. ಅಂಗಡಿಯಲ್ಲಿ "ಕ್ಲಾಸಿಕಲ್ ಗಿಟಾರಿಗೆ ನೈಲಾನ್ ತಂತಿ, ನಾರ್ಮಲ್ ಟೆನ್ಷನ್" ಎಂದು ಕೇಳಿ. ಅದರ ವಿಷಯದಲ್ಲಿ ಇನ್ನು ಹೆಚ್ಚು ಆಯ್ಕೆ ಮಾಡುವುದಿಲ್ಲ.

ನಮ್ಮ ಮಕ್ಕಳ ಬಳಿ ಹೆಚ್ಚಾಗಿ ಇರುವುದು ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರ್. ಕೊಲ್ಕತ್ತಾದ ಗಿವ್ಸನ್‌ನಿಂದ ಹಿಡಿದು ಹೊರದೇಶದವುಗಳವರೆಗೆ ಹಲವು ಬಗೆಯವು. ಇಲ್ಲಿ ಪ್ರಶ್ನೆ ಲೋಹದ್ದಲ್ಲ, ಮೊದಲು ದಪ್ಪದ್ದು. ಪ್ಯಾಕೆಟ್ ಮೇಲೆ 10–47, 11–52, 12–53 ಎಂದು ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ತೀರ ತೆಳುವಾದ ಒಂದನೆಯ ತಂತಿಯ ದಪ್ಪ, ಎರಡನೆಯದು ಆರನೆಯ ತಂತಿಯದು. ಅಂಗುಲವನ್ನು ಸಾವಿರ ಭಾಗ ಮಾಡಿದರೆ ಅಷ್ಟು ಭಾಗ. ಇದಕ್ಕೆ ಗೇಜ್ ಎನ್ನುತ್ತಾರೆ. "ಲೈಟ್ ಕೊಡಿ" ಎಂದು ಕೇಳಬೇಡಿ. ಅಕೌಸ್ಟಿಕ್ ಸೆಟ್ಟಿನಲ್ಲಿ ಲೈಟ್ ಎಂದರೆ ಸಾಮಾನ್ಯವಾಗಿ 12, ಎಲೆಕ್ಟ್ರಿಕ್ ಸೆಟ್ಟಿನಲ್ಲಿ 10. ಹೆಸರು ಒಂದೇ, ತಂತಿ ಬೇರೆ. ಸಂಖ್ಯೆ ಹೇಳಿ ಕೇಳುವುದೇ ಕ್ಷೇಮ.

ಹತ್ತಕ್ಕೂ ಹನ್ನೆರಡಕ್ಕೂ ಏನು ಮಹಾ ವ್ಯತ್ಯಾಸ ಎನ್ನಬಹುದು. ಒಂದೇ ಶ್ರುತಿಗೆ ಬರಬೇಕಾದರೆ ತಂತಿಯ ಎಳೆತ ದಪ್ಪದ ವರ್ಗದಷ್ಟು ಏರುತ್ತದೆ. ದಪ್ಪ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. 9ರ ಒಂದನೆಯ ತಂತಿ ಸುಮಾರು 6 ಕಿಲೋ ಎಳೆದರೆ, 10ರದು ಸುಮಾರು 7.3 ಕಿಲೋ, 12ರದು ಹತ್ತೂವರೆ ಕಿಲೋ. 9ಕ್ಕೂ 12ಕ್ಕೂ ಇರುವ ದಪ್ಪದ ಅಂತರ ಒಂದು ತಲೆಗೂದಲಿನಷ್ಟು ಮಾತ್ರ. ಆ ಕೂದಲೆಳೆಯನ್ನು ಮಗುವಿನ ಬೆರಳ ತುದಿ ಹೊರಬೇಕು, ಒಂದು ಬಲಿಪೂಜೆಯಲ್ಲಿ ನೂರಾರು ಸಲ.

ನಮ್ಮ ಅಭಿಪ್ರಾಯ ಸ್ಪಷ್ಟ. ಕಲಿಯುವ ಮಕ್ಕಳಿಗೆ 10–47 ಹಾಕಿಸಿ. ಆರೂ ಸೇರಿ ಸುಮಾರು 60 ಕಿಲೋ ಎಳೆಯುತ್ತವೆ. ಅಗ್ಗದ ಗಿಟಾರಿಗೂ ಅದು ಸಹ್ಯ. ಎರಡು ಮೂರು ವರ್ಷ ನುಡಿಸಿ ಬೆರಳು ಗಟ್ಟಿಯಾದ ಮೇಲೆ 11ಕ್ಕೆ ಹೋಗಬಹುದು. 12 ಬೇಕೇ ಬೇಕು ಎನ್ನುವವರು ನುರಿತವರು, ಅವರಿಗೆ ಈ ಲೇಖನ ಬೇಕಾಗಿಲ್ಲ. ದಪ್ಪ ತಂತಿಗೆ ತುಂಬು ನಾದವಿದೆ ಎಂಬುದು ನಿಜವೇ. "ದೇವಾಲಯ ದೊಡ್ಡದು, ಸದ್ದು ಸಾಲುವುದಿಲ್ಲ" ಎಂದು ನಮ್ಮ ಹಿರಿಯ ಗಾಯಕರೊಬ್ಬರು ಮಕ್ಕಳ ಗಿಟಾರಿಗೂ 12 ಹಾಕಿಸುತ್ತಿದ್ದರು. ಈಗ ಪ್ರತಿ ದೇವಾಲಯದಲ್ಲೂ ಮೈಕ್ ಇದೆ. ಸದ್ದು ಸಾಲದಿದ್ದರೆ ಮೈಕ್ ಹತ್ತಿರ ತನ್ನಿ. ನೊಂದ ಬೆರಳಿಗೆ ಅಂಥ ಉಪಾಯವಿಲ್ಲ. ನಮ್ಮ ವೃಂದದಲ್ಲಿ ಗಿಟಾರ್ ಹಿಡಿದು ಮೂರೇ ತಿಂಗಳಲ್ಲಿ ಬಿಟ್ಟ ಮಕ್ಕಳನ್ನು ಎಣಿಸಿದರೆ ಎರಡೂ ಕೈಯ ಬೆರಳು ಸಾಲವು. ಅವರಲ್ಲಿ ಸೋಮಾರಿಗಳು ಇದ್ದಿರಬಹುದು. ಆದರೆ ಆ ಗಿಟಾರುಗಳನ್ನು ನಾವು ಆಮೇಲೆ ನುಡಿಸಿ ನೋಡಿದಾಗ ನಮ್ಮ ಬೆರಳೇ ಉರಿಯಿತು.

ತಂತಿ ತೆಳುವಾದರೂ ಬೆರಳು ನೋಯುತ್ತಿದೆ ಎಂದರೆ ತಂತಿ ಫ್ರೆಟ್ಟಿನಿಂದ ತೀರ ಎತ್ತರದಲ್ಲಿದೆ ಎಂದು ಅರ್ಥ. ಶಾಲೆಯ ಸ್ಕೇಲಿನಿಂದಲೇ ಅಳೆಯಬಹುದು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯ ಕೆಳಗೆ ಎರಡು, ಎರಡೂವರೆ ಮಿಲಿಮೀಟರ್ ಇದ್ದರೆ ಸರಿ. ನಾಲ್ಕು ಇದ್ದರೆ ಯಾವ ತಂತಿ ತಂದರೂ ಪ್ರಯೋಜನವಿಲ್ಲ, ಮೊದಲು ಗಿಟಾರ್ ರಿಪೇರಿ ಬಲ್ಲವರ ಕೈಗೆ ಕೊಡಬೇಕು. ಇನ್ನೊಂದು ಉಪಾಯ ಕಾಸಿಲ್ಲದ್ದು. ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿ. ಎಳೆತ ನೂರಕ್ಕೆ ಹನ್ನೊಂದರಷ್ಟು ಕಡಿಮೆಯಾಗುತ್ತದೆ. ಕೀಬೋರ್ಡಿನೊಂದಿಗೆ ಸೇರಬೇಕಾದಾಗ ಒಂದನೆಯ ಫ್ರೆಟ್ಟಿಗೆ ಕೇಪೊ ಹಾಕಿದರೆ ಮತ್ತೆ ಮೂಲ ಶ್ರುತಿ. ಕೇಪೊ ಇಲ್ಲದೆ ಹಾಗೇ ನುಡಿಸಿದರೆ ಹಾಡೂ ಅರ್ಧ ಸ್ವರ ಇಳಿಯುತ್ತದೆ. ಹಿಂದಿನ ಬೆಂಚುಗಳಲ್ಲಿ ಕುಳಿತ ಅಪ್ಪಂದಿರೂ ಹಾಡಲು ಬಾಯಿ ತೆರೆಯುತ್ತಾರೆ.

ದಪ್ಪ ಗೊತ್ತಾದ ಮೇಲೆ ಲೋಹ. ಅಕೌಸ್ಟಿಕ್ ಗಿಟಾರಿನ ದಪ್ಪ ತಂತಿಗಳು ಒಂದೇ ಸರಳಲ್ಲ. ಒಳಗೆ ಉಕ್ಕಿನ ಎಳೆ, ಮೇಲೆ ಮತ್ತೊಂದು ಲೋಹದ ಸುತ್ತು. ಆರನೆಯ ತಂತಿ ಸೆಕೆಂಡಿಗೆ 82 ಸಲ ಕಂಪಿಸಬೇಕು, ಒಂದನೆಯದು 330 ಸಲ. ಅಷ್ಟು ಕೆಳಗಿನ ಸ್ವರಕ್ಕೆ ಭಾರ ಬೇಕು; ಬರೀ ದಪ್ಪ ಉಕ್ಕಿನ ಸರಳು ಹಾಕಿದರೆ ಅದು ಬಾಗದೆ ಮಂಕಾಗಿ ನುಡಿಯುತ್ತದೆ. ಸುತ್ತಿದರೆ ಭಾರವೂ ಬಂತು, ಬಳುಕೂ ಉಳಿಯಿತು. ಸುತ್ತಿನ ಲೋಹ ಸಾಮಾನ್ಯವಾಗಿ ಎರಡು ಬಗೆ. 80/20 ಬ್ರಾಂಝ್ ಎಂದು ಬರೆದಿದ್ದರೆ ಎಂಬತ್ತು ಪಾಲು ತಾಮ್ರ, ಇಪ್ಪತ್ತು ಪಾಲು ಸತು. ಬ್ರಾಂಝ್ ಎಂದರೆ ಕಂಚು. ತಾಮ್ರಕ್ಕೆ ಸತು ಸೇರಿದರೆ ನಮ್ಮ ಅಡುಗೆಮನೆಯಲ್ಲಿ ಅದನ್ನು ಹಿತ್ತಾಳೆ ಎನ್ನುತ್ತೇವೆ. ತಂತಿ ಮಾಡುವವರು ಮಾತ್ರ ಕಂಚು ಎಂದೇ ಮಾರುತ್ತಿದ್ದಾರೆ. ಹೊಸದರಲ್ಲಿ ಬಹಳ ಝಣಝಣ ಎನ್ನುತ್ತದೆ, ಆದರೆ ಬೇಗ ಮಂಕಾಗುತ್ತದೆ. ಫಾಸ್ಫರ್ ಬ್ರಾಂಝ್ ನಿಜವಾದ ಕಂಚು, ತಾಮ್ರಕ್ಕೆ ತವರ ಮತ್ತು ಚೂರು ರಂಜಕ ಸೇರಿಸಿದ್ದು. ಡಿ'ಅಡಾರಿಯೊ ಕಂಪನಿ 1974ರಲ್ಲಿ ಗಿಟಾರಿಗೆ ತಂದದ್ದು. ಬಣ್ಣ ತುಸು ಕೆಂಪು, ನಾದ ಬೆಚ್ಚಗೆ, ಬಾಳಿಕೆ ಹೆಚ್ಚು. ಹಾಡಿನ ಹಿಂದೆ ನುಡಿಯುವ ಗಿಟಾರಿಗೆ ಇದೇ ಒಪ್ಪುತ್ತದೆ ಎಂದು ನಮಗೆ ಅನಿಸಿದೆ.

ಈಗ ಎಲೆಕ್ಟ್ರಿಕ್. ಇಲ್ಲಿ ತಂತಿಯ ಸದ್ದನ್ನು ಮರದ ಪೆಟ್ಟಿಗೆ ದೊಡ್ಡದು ಮಾಡುವುದಿಲ್ಲ. ತಂತಿಗಳ ಕೆಳಗೆ ಪಿಕಪ್ ಎಂಬ ಪಟ್ಟಿ ಇರುತ್ತದೆ. ಆಯಸ್ಕಾಂತ, ಅದರ ಸುತ್ತ ಕೂದಲಿನಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕು ಅಲುಗಿದರೆ ಆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1931ರಲ್ಲಿ ಅಮೆರಿಕದ ಜಾರ್ಜ್ ಬೋಶಾಂಪ್ ರೂಪಿಸಿದ ಇಂಥ ಗಿಟಾರನ್ನು ಮರುವರ್ಷ ರಿಕನ್‌ಬ್ಯಾಕರ್ ಜೊತೆ ಸೇರಿ ಮಾರಾಟಕ್ಕೆ ತಂದರು. ಮಡಿಲಲ್ಲಿಟ್ಟು ನುಡಿಸುವ ಹವಾಯನ್ ಗಿಟಾರ್ ಅದು. ಆಕಾರ ನೋಡಿ ಜನ ಬಾಣಲೆ ಎಂದು ಹೆಸರಿಟ್ಟರು. ಪಿಕಪ್ಪಿಗೆ ಉಕ್ಕು, ನಿಕ್ಕಲ್ ಇವು ಕಾಣಿಸುತ್ತವೆ. ತಾಮ್ರ, ಕಂಚು, ನೈಲಾನ್ ಕಾಣಿಸುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿಗೆ ಕಂಚಿನ ಸೆಟ್ ಹಾಕಿದರೆ ಸುತ್ತಿಲ್ಲದ ತಂತಿಗಳು ಕಿರುಚುತ್ತವೆ, ಸುತ್ತಿದವು ಒಳಗಿನ ಉಕ್ಕಿನ ಎಳೆಯಷ್ಟೇ ನುಡಿದು ಕ್ಷೀಣವಾಗಿ ಕೇಳುತ್ತವೆ. ನೈಲಾನ್ ಹಾಕಿದರೆ ಏನೂ ಕೇಳಿಸುವುದಿಲ್ಲ. ಆದ್ದರಿಂದ ಎಲೆಕ್ಟ್ರಿಕ್‌ಗೆ "ನಿಕ್ಕಲ್ ಸುತ್ತಿನ ಸೆಟ್, 9–42" ಅಥವಾ "10–46" ಎಂದು ಕೇಳಿ. ಕಲಿಯುವವರಿಗೆ 9 ಸಾಕು. ಅಂಗಡಿಯಲ್ಲೇ ಪರೀಕ್ಷಿಸಲು ಒಂದು ಗುರುತು: ಅಕೌಸ್ಟಿಕ್ ಸೆಟ್ಟಿನಲ್ಲಿ ಸಾಮಾನ್ಯವಾಗಿ ಮೂರನೆಯ ತಂತಿಯೂ ಸುತ್ತಿದ್ದು, ಎಲೆಕ್ಟ್ರಿಕ್ ಸೆಟ್ಟಿನಲ್ಲಿ ಅದು ಬರಿ ಉಕ್ಕು.

ಆ ಮೂರನೆಯ ತಂತಿಗೆ ಒಂದು ಇತಿಹಾಸವಿದೆ. ಮೊದಮೊದಲು ಎಲೆಕ್ಟ್ರಿಕ್ ಗಿಟಾರಿಗೂ ದಪ್ಪ ಸೆಟ್ಟುಗಳೇ ಬರುತ್ತಿದ್ದವು. ಕ್ಯಾಲಿಫೋರ್ನಿಯಾದಲ್ಲಿ ಎರ್ನಿ ಬಾಲ್ ಎಂಬುವರು ಗಿಟಾರ್ ಅಂಗಡಿ ಇಟ್ಟುಕೊಂಡು ಪಾಠವನ್ನೂ ಹೇಳುತ್ತಿದ್ದರು. ಹೊಸದಾಗಿ ಕಲಿಯುವವರು 29 ಗೇಜಿನ ಮೂರನೆಯ ತಂತಿಯನ್ನು ಒತ್ತಲಾರದೆ ಒದ್ದಾಡುವುದನ್ನು ಅವರು ನೋಡಿದರು. ತೆಳುವಾದ ತಂತಿಗಳ ಸೆಟ್ಟನ್ನು ತಾವೇ ಹೇಳಿ ಮಾಡಿಸಿ, 1962ರಿಂದ ಸ್ಲಿಂಕಿ ಎಂಬ ಹೆಸರಿನಲ್ಲಿ ಮಾರತೊಡಗಿದರು. ಈಗ ದೊಡ್ಡ ದೊಡ್ಡ ವಾದಕರು ಬಳಸುವ ತೆಳು ಸೆಟ್ಟು ಹುಟ್ಟಿದ್ದು ಕಲಿಯುವವರ ಬೆರಳ ನೋವಿನಿಂದ. ಮಕ್ಕಳಿಗೆ ತೆಳು ತಂತಿ ಕೊಟ್ಟರೆ ಅಭ್ಯಾಸ ಕೆಡುತ್ತದೆ ಎನ್ನುವ ಹಿರಿಯರಿಗೆ ನಾವು ಇದನ್ನು ನೆನಪಿಸುತ್ತೇವೆ.

ಇನ್ನು ನಮ್ಮಲ್ಲಿ ಪದೇಪದೇ ಆಗುವ ಗೊಂದಲ. ಮರದ ಪೆಟ್ಟಿಗೆಯ ಗಿಟಾರ್, ಆದರೆ ಪಕ್ಕದಲ್ಲಿ ವೈರ್ ಸಿಕ್ಕಿಸುವ ತೂತು ಮತ್ತು ಒತ್ತುಗುಂಡಿಗಳಿವೆ. ಅಂಗಡಿಯವರು ಸೆಮಿ ಅಕೌಸ್ಟಿಕ್ ಎನ್ನುತ್ತಾರೆ. ವೈರ್ ಇದೆಯಲ್ಲ, ಎಲೆಕ್ಟ್ರಿಕ್ ತಂತಿಯೇ ಬೇಕು ಎಂದು ಮಕ್ಕಳು ಹಟ ಹಿಡಿಯುತ್ತಾರೆ. ಬೇಕಾಗಿಲ್ಲ. ಇವುಗಳಲ್ಲಿ ಹೆಚ್ಚಿನವಕ್ಕೆ ಬ್ರಿಡ್ಜಿನ ಬಿಳಿ ಪಟ್ಟಿಯ ಕೆಳಗೆ ಒತ್ತಡವನ್ನು ಗ್ರಹಿಸುವ ಸಾಧನವಿರುತ್ತದೆ, ಆಯಸ್ಕಾಂತವಲ್ಲ. ಕಂಚಿನ ತಂತಿಯೇ ಸರಿ. ತಪ್ಪಿ ಎಲೆಕ್ಟ್ರಿಕ್ ತಂತಿ ಹಾಕಿದರೂ ಗಿಟಾರಿಗೆ ಹಾನಿಯಿಲ್ಲ, ನಾದ ಸಪ್ಪೆಯಾಗುತ್ತದೆ ಅಷ್ಟೇ. ಅಪಾಯವಿರುವುದು ನೈಲಾನ್ ಗಿಟಾರಿಗೆ ಉಕ್ಕು ಹಾಕಿದಾಗ ಮಾತ್ರ. ನಾವು ಮಾಡಿದ ತಪ್ಪು ಅದೊಂದೇ.

ಹಿರಿಯರು ಕೆಲವರು ಇನ್ನೂ ಕೇಳುತ್ತಾರೆ, ದೇವಾಲಯದಲ್ಲಿ ಗಿಟಾರ್, ಅದರಲ್ಲೂ ಎಲೆಕ್ಟ್ರಿಕ್, ಸಲ್ಲುತ್ತದೆಯೇ ಎಂದು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನಾ ಸಂವಿಧಾನದ 120ನೆಯ ವಿಧಿ ಪೈಪ್ ಆರ್ಗನ್ನಿಗೆ ಮೊದಲ ಗೌರವ ಕೊಟ್ಟು, ಆರಾಧನೆಗೆ ಯೋಗ್ಯವಾದ ಇತರ ವಾದ್ಯಗಳನ್ನೂ ಸ್ಥಳೀಯ ಧರ್ಮಾಧಿಕಾರಿಗಳ ಒಪ್ಪಿಗೆಯಿಂದ ಬಳಸಬಹುದೆಂದು ಹೇಳಿದೆ. ವಾದ್ಯ ಯಾವುದು ಎಂಬುದಕ್ಕಿಂತ ಅದು ಜನರ ಹಾಡನ್ನು ಎತ್ತುತ್ತದೆಯೋ ಮುಚ್ಚುತ್ತದೆಯೋ ಎಂಬುದೇ ನಾವು ನೋಡಬೇಕಾದದ್ದು. ತುಕ್ಕು ಹಿಡಿದ ತಂತಿಯ ಅಪಶ್ರುತಿ ಯಾವ ಸಂವಿಧಾನಕ್ಕೂ ಒಪ್ಪಿಗೆಯಾಗದು.

ತುಕ್ಕಿನ ಮಾತು ಬಂದದ್ದರಿಂದ ನಮ್ಮ ಊರುಗಳ ಹವೆಯನ್ನೂ ಹೇಳಬೇಕು. ಒಂದೇ ಗಿಟಾರ್ ಮಳೆಗಾಲದ ಹೊನ್ನಾಳಿಯಲ್ಲಿ ಒಂದು ಬಗೆ, ಏಪ್ರಿಲಿನ ಜಗಳೂರಿನಲ್ಲಿ ಇನ್ನೊಂದು ಬಗೆ. ಹೊಳೆದಂಡೆಯ, ಗದ್ದೆಬಯಲಿನ ತೇವದಲ್ಲಿ ಮರ ನೀರು ಹೀರಿ ಉಬ್ಬುತ್ತದೆ, ಹಲಗೆ ಏಳುತ್ತದೆ, ತಂತಿ ಎತ್ತರವಾಗಿ ಒತ್ತಲು ಕಷ್ಟವಾಗುತ್ತದೆ. ಉಕ್ಕಿನ ತಂತಿಯ ಮೇಲೆ ವಾರದಲ್ಲೇ ಕೆಂಪು ಚುಕ್ಕೆ. ಜಗಳೂರಿನ ಒಣ ಬಿಸಿಲಿನಲ್ಲಿ ತುಕ್ಕು ಕಡಿಮೆ, ಆದರೆ ಮರ ಕುಗ್ಗಿ ಹಲಗೆ ತಗ್ಗುತ್ತದೆ, ತಂತಿ ಫ್ರೆಟ್ಟಿಗೆ ತಾಗಿ ಜುಮುಗುಡುತ್ತದೆ. ತಂತಿ ಕೆಟ್ಟಿದೆ ಎಂದು ಹೊಸ ಸೆಟ್ ತಂದು ಹಾಕಿದರೂ ಜುಮುಗುಟ್ಟುವಿಕೆ ಹೋಗುವುದಿಲ್ಲ. ಮೊದಲ ಮಳೆ ಬಿದ್ದ ಮೇಲೆ ತಾನಾಗಿ ಹೋಗುತ್ತದೆ. ತಪಸ್ಸುಕಾಲದಲ್ಲಿ ವಾದ್ಯಗಳನ್ನು ಹಾಡಿಗೆ ಆಸರೆಯಾಗಿ ಮಾತ್ರ ಬಳಸಬೇಕೆಂಬ ನಿಯಮವಿರುವುದರಿಂದ ಎಷ್ಟೋ ಕಡೆ ಗಿಟಾರ್ ಆ ನಲವತ್ತು ದಿನ ಮೂಲೆ ಸೇರುತ್ತದೆ, ಅದೂ ವರ್ಷದ ಅತಿ ಕೆಟ್ಟ ಬಿಸಿಲಿನಲ್ಲಿ. ತಗಡಿನ ಮಾಡಿನ ಕೆಳಗೆ, ಕಿಟಕಿಯ ಬಿಸಿಲಿಗೆ ಇಡಬೇಡಿ. ಚೀಲದಲ್ಲಿ ಹಾಕಿ ಒಳಗೋಡೆಯ ಪಕ್ಕ ಇಡಿ, ತಂತಿಗಳನ್ನು ಒಂದೆರಡು ಸ್ವರ ಸಡಿಲಿಸಿಡಿ. ಪೂರ್ತಿ ಬಿಚ್ಚಬೇಕಾಗಿಲ್ಲ.

ಚನ್ನಗಿರಿ ಕಡೆಯವರಿಗೆ ಒಂದು ವಿಶೇಷ ಎಚ್ಚರಿಕೆ. ಕ್ರಿಸ್ತಜಯಂತಿಯ ಅಭ್ಯಾಸವೂ ಅಡಿಕೆ ಸುಲಿಯುವ ಕಾಲವೂ ಒಟ್ಟಿಗೇ ಬರುತ್ತವೆ. ಅಡಿಕೆಯ ಒಗರು ಕಬ್ಬಿಣಕ್ಕೆ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಶಾಯಿ ಮಾಡುತ್ತಿದ್ದದ್ದೂ ಅಂಥ ಒಗರು ಮತ್ತು ಕಬ್ಬಿಣದಿಂದಲೇ. ಸುಲಿದು ಬಂದ ಕೈಯಲ್ಲಿ ನೇರವಾಗಿ ಗಿಟಾರ್ ಹಿಡಿಯಬೇಡಿ, ಸೋಪು ಹಾಕಿ ತೊಳೆದು ಒರೆಸಿಕೊಳ್ಳಿ. ಬೆವರು, ತಲೆಗೆ ಹಚ್ಚಿದ ಎಣ್ಣೆ, ಊಟದ ಜಿಡ್ಡು ಇವೂ ತಂತಿಯ ಶತ್ರುಗಳು. ನುಡಿಸಿದ ಮೇಲೆ ಹಳೆಯ ಹತ್ತಿ ಬಟ್ಟೆಯಿಂದ ಪ್ರತಿ ತಂತಿಯನ್ನು ಮೇಲೆ ಕೆಳಗೆ ಒರೆಸಿದರೆ ಅದರ ಆಯುಸ್ಸು ಬಹಳ ಹೆಚ್ಚುತ್ತದೆ. ತುಕ್ಕು ತಡೆಯಲು ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಸುತ್ತಿನ ಸಂದಿಯಲ್ಲಿ ಎಣ್ಣೆಯೂ ಧೂಳೂ ಸೇರಿ ತಂತಿ ಸತ್ತೇಹೋಗುತ್ತದೆ. ತೇವದ ಊರಿನವರು, ವಾರಕ್ಕೊಮ್ಮೆ ಮಾತ್ರ ನುಡಿಸುವವರು, ಎಲಿಕ್ಸರ್‌ನಂಥ ಲೇಪವಿರುವ ತಂತಿ ಕೊಳ್ಳಬಹುದು. ಬೆಲೆ ಸಾಧಾರಣ ಸೆಟ್ಟಿನ ಎರಡು ಮೂರು ಪಟ್ಟು, ಬಾಳಿಕೆಯೂ ಹಾಗೆಯೇ. ದಿನವೂ ಅಭ್ಯಾಸ ಮಾಡುವ ಮಗುವಿಗೆ ಸಾಧಾರಣ ಸೆಟ್ಟನ್ನೇ ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಿಸುವುದು ಮೇಲು.

ಹಾಕುವಾಗ ಎಲ್ಲ ತಂತಿಗಳನ್ನು ಒಮ್ಮೆಗೇ ಬಿಚ್ಚದೆ ಒಂದೊಂದಾಗಿ ಬದಲಿಸಿ. ಬಿರಡೆಯ ಮೇಲೆ ಎರಡು ಮೂರು ಸುತ್ತು ಸಾಕು. ಕತ್ತರಿಸಿದ ತುದಿ ಕಣ್ಣಿಗೆ ಚುಚ್ಚುತ್ತದೆ, ಚಿಕ್ಕ ಮಕ್ಕಳನ್ನು ದೂರ ಕೂರಿಸಿ. ಹೊಸ ತಂತಿ ಎರಡು ಮೂರು ದಿನ ಹಿಗ್ಗುತ್ತಲೇ ಇರುತ್ತದೆ, ನೈಲಾನ್ ಅದಕ್ಕಿಂತಲೂ ಹೆಚ್ಚು ದಿನ. ಹಾಗಾಗಿ ಹಬ್ಬದ ಮುನ್ನಾದಿನ ಬದಲಿಸಿದರೆ ಬಲಿಪೂಜೆಯ ನಡುವೆ ಶ್ರುತಿ ಇಳಿದು ಗುರುಗಳು ಒಂದು ಸ್ವರದಲ್ಲಿ, ಗಾನವೃಂದ ಇನ್ನೊಂದರಲ್ಲಿ ಆಗುತ್ತದೆ. ಡಿಸೆಂಬರ್ 18ರೊಳಗೆ ಆ ಕೆಲಸ ಮುಗಿಸಿ. ಉಕ್ಕಿನ ತಂತಿಯವರು ಸೆಟ್ ಕೊಳ್ಳುವಾಗಲೇ ಒಂದನೆಯ ತಂತಿ ಎರಡು ಬಿಡಿಯಾಗಿ ಕೊಂಡುಬನ್ನಿ. ಕಡಿಯುವುದು ಹೆಚ್ಚಾಗಿ ಅದೇ.

ಆ ಹುಡುಗನ ಗಿಟಾರನ್ನು ನಮ್ಮ ಬೀದಿಯ ಬಡಗಿಯೊಬ್ಬರು ಹಳೆಯ ಅಂಟು ಕೆರೆದು, ಹೊಸದಾಗಿ ಅಂಟಿಸಿ, ಎರಡು ದಿನ ಬಿಗಿದಿಟ್ಟು ಸರಿಮಾಡಿಕೊಟ್ಟರು. ಬ್ರಿಡ್ಜಿನ ಅಂಚಿನಲ್ಲಿ ಗಾಯದ ಗುರುತು ಹಾಗೇ ಇದೆ. ಹುಡುಗ ಈಗ ದಾವಣಗೆರೆಯಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ಗಿಟಾರ್ ಅವನ ತಂಗಿಯ ಕೈಯಲ್ಲಿದೆ. ಅದರ ಹಿಂಬದಿಯಲ್ಲಿ ಅವಳು ಒಂದು ಚೀಟಿ ಅಂಟಿಸಿದ್ದಾಳೆ: "ನೈಲಾನ್ ಮಾತ್ರ." ಕಳೆದ ತಿಂಗಳು ಅವಳಿಗೆ ಹೊಸ ಸೆಟ್ ಬೇಕಾದಾಗ ನಾವು ಶಿವಮೊಗ್ಗಕ್ಕೆ ಹೊರಟಿದ್ದೆವು. ಅವಳ ಅಜ್ಜಿ ಬಾಗಿಲಿನವರೆಗೆ ಬಂದು, "ಈ ಸಲ ಚೀಟಿ ಓದ್ಕೊಂಡು ಹೋಗ್ರಪ್ಪಾ" ಎಂದರು.